ಹಳೆಯ ವ್ಯಾನಿನ ಕುಂದಿದ ಬಲ

ಬೋಯಿನ್‌ಪಲ್ಲಿಯ ಸಗಟು ಮಾರುಕಟ್ಟೆಯಿಂದ ನಸುಕಿನಲ್ಲಿ ಹೊಟೇಲುಗಳಿಗೆ ತರಕಾರಿ ತರುವ ವಾಹನಗಳ ನಡುವೆ ಹಳೆಯ ಮಾರುತಿ ಓಮ್ನಿಗಳು ಇಂದಿಗೂ ಕಾಣಸಿಗುತ್ತವೆ. 1984ರಲ್ಲಿ ಬಂದ ಈ ವ್ಯಾನಿನ ತಯಾರಿಕೆಯು 2019ರಲ್ಲಿ ನಿಂತಿತು. 796 ಸಿ.ಸಿ.ಯ ಅದರ ಪುಟ್ಟ ಇಂಜಿನು ಬಂಜಾರಾ ಹಿಲ್ಸಿನ ಏರಿನಲ್ಲಿ ಏದುಸಿರು ಬಿಟ್ಟೊಡನೆ, ಇಂಜಿನನ್ನೇ ಬದಲಿಸಿರೆಂಬ ಸಲಹೆ ಬರುತ್ತದೆ. ಮಾಲಿಕನ ಸಾಲವು ನೌಕರನ ಸಂಬಳಕ್ಕೂ ತಟ್ಟುವುದರಿಂದ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ನಾವು ಹೊಟೇಲು ನಡೆಸುತ್ತಿದ್ದಾಗ ನಮಗೂ ಇದೇ ಸಲಹೆ ದೊರೆತಿತ್ತು. ನಾವು ಹಣ ಹೊಂದಿಸುತ್ತಿರುವಾಗ, ಗಾಡಿ ತೊಳೆಯುವ ಹುಡುಗನು ಹಿಂದಿನ ಒಂದು ಚಕ್ರ ಮಾತ್ರ ವಿಪರೀತ ಕಾಯುತ್ತಿದೆಯೆಂದು ತಿಳಿಸಿದನು. ನೋಡಲಾಗಿ, ಬ್ರೇಕು ಬಿಡದೆ ಹಿಡಿದುಕೊಂಡಿತ್ತು. ಅದನ್ನು ಸರಿಪಡಿಸಿ, ಧೂಳು ಕಟ್ಟಿದ ಏರ್ ಫಿಲ್ಟರನ್ನು ಬದಲಿಸಿದ ಮೇಲೆ ವ್ಯಾನು ಸಲೀಸಾಗಿ ಏರು ಹತ್ತಿತು.

ಹೊಸ ಬಲವನ್ನು ಕೂಡಿಸುವುದಕ್ಕಿಂತ ಸೋರಿಹೋದ ಬಲವನ್ನು ಮರಳಿ ಪಡೆಯುವುದು ಸುಲಭ. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಫಿಲ್ಟರು ಕಟ್ಟಿದರೆ ಇಂಜಿನಿಗೆ ಉಸಿರು ಸಾಲದು. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಒಣ ಮಸಿಯಿದ್ದರೆ ಗಾಳಿ ಕಡಮೆ, ಇಲ್ಲವೆ ಪೆಟ್ರೋಲು ಹೆಚ್ಚು ಎಂದು ತಿಳಿಯಬಹುದು. ಇಂಜಿನಿನ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿರುವ ಸಂಭವವುಂಟು. ಟೈರಿನ ಗಾಳಿ ಇಳಿದಿದ್ದರೂ, ಗಾಡಿಯಲ್ಲಿ ಬೇಡದ ಸಾಮಾನು ತುಂಬಿದ್ದರೂ ಏರು ಕಠಿಣವಾಗುತ್ತದೆ. ಸುಮಾರು 540 ಮೀಟರ್ ಎತ್ತರದಲ್ಲಿರುವ ಹೈದರಾಬಾದಿನಲ್ಲಿ ಗಾಳಿ ತುಸು ತೆಳು. ಆದುದರಿಂದ ಉಡುಪಿಯ ಕಡಲ ತೀರದಲ್ಲಿ ದೊರೆಯುವ ಬಲಕ್ಕಿಂತ ಇಲ್ಲಿ ನೂರಕ್ಕೆ ಐದರಷ್ಟು ಕಡಮೆಯಾಗುವುದು ಸಹಜ.

ಇಷ್ಟೆಲ್ಲ ಸರಿಯಿದ್ದೂ ಬಲ ಬಾರದಿದ್ದಲ್ಲಿ ಮಿಸ್ತ್ರಿಯಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸತಕ್ಕದ್ದು. ಒತ್ತಡ ಕಡಮೆಯಿರುವ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗುಗಳೋ ಸಿಲಿಂಡರೋ ಸವೆದಿವೆ. ಏರದಿದ್ದರೆ ದೋಷವು ವಾಲ್ವಿನಲ್ಲಿಯೋ ಹೆಡ್ ಗ್ಯಾಸ್ಕೆಟ್ಟಿನಲ್ಲಿಯೋ ಇರುತ್ತದೆ. ರೋಗ ತಿಳಿದ ಮೇಲೆ ಹಣ ಬಿಚ್ಚುವುದು ಜಾಣತನ.

ಬಲ ಬರಲೆಂದು ಫಿಲ್ಟರನ್ನೇ ಕಿತ್ತೆಸೆಯುವುದಾಗಲಿ, ಸೈಲೆನ್ಸರನ್ನು ಕೊರೆಯುವುದಾಗಲಿ ಸಲ್ಲದು. ಒಳಹೊಕ್ಕ ಧೂಳು ಸಿಲಿಂಡರನ್ನು ತಿನ್ನುತ್ತದೆ. ಗಾಡಿಯೊಳಗೆ ಸೋರಿದ ಹೊಗೆಯು ಚಾಲಕನ ಪ್ರಾಣಕ್ಕೇ ಸಂಚಕಾರ ತರುತ್ತದೆ.

ಅಂದು ಆ ಹುಡುಗನು ಬಾಯಿಬಿಡದೆ ಇದ್ದಿದ್ದರೆ ನಾವು ಸಾಲದಲ್ಲಿ ಬೀಳುತ್ತಿದ್ದೆವು. ದಿನವೂ ಗಾಡಿಯನ್ನು ಮುಟ್ಟುವ ನೌಕರನನ್ನು ಮಾಲಿಕರು ಮೊದಲು ವಿಚಾರಿಸಲಿ. ನೌಕರ ಬಂಧುಗಳೂ ತಾವು ಕಂಡುದನ್ನು ಸಂಕೋಚವಿಲ್ಲದೆ ಹೇಳಲಿ.