ಜಜ್ಜಿಹೋದ ಕಾರು ಮತ್ತೆ ರಸ್ತೆಗೆ ಬರಬೇಕೇ?

ಪತ್ರಿಕೆಯಲ್ಲಿ ಅಪಘಾತದ ಚಿತ್ರ ನೋಡಿದಾಗ ಹಿರಿಯರು ಹೇಳುವ ಒಂದು ಮಾತನ್ನು ನೀವು ಕೇಳಿರಬಹುದು: "ಈಗಿನ ಕಾರುಗಳು ಬರೀ ತಗಡು. ಹಿಂದಿನವೇ ಗಟ್ಟಿ." ಚಿತ್ರದಲ್ಲಿ ಕಾರಿನ ಮೂತಿ ಮುದ್ದೆಯಾಗಿರುತ್ತದೆ. ಆದರೆ ಕೆಳಗಿನ ಸುದ್ದಿ ಓದಿದರೆ, ಚಾಲಕ ತಾನೇ ಬಾಗಿಲು ತೆರೆದು ಹೊರಗೆ ಬಂದನೆಂದು ತಿಳಿಯುತ್ತದೆ. ಹಾಗಾದರೆ ಆ ಕಾರು ಸೋತಿತೇ, ಗೆದ್ದಿತೇ?

ಇದಕ್ಕೆ ಉತ್ತರ ತಿಳಿದರೆ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ವರ್ಷಗಟ್ಟಲೆ ಕೈಯಾರೆ ತಿದ್ದಿ ತೀಡಿ, ಒಂದೊಂದೇ ಬಿಡಿಭಾಗ ಕೂಡಿಸಿ, ತನ್ನದೇ ಎನ್ನುವಂತೆ ಮಾಡಿಕೊಂಡ ಸ್ಪೋರ್ಟ್ಸ್ ಕಾರು ಭಾರಿ ಅಪಘಾತಕ್ಕೆ ಸಿಕ್ಕಿತೆನ್ನಿ. ಅದನ್ನೇ ನೆಟ್ಟಗೆ ಮಾಡಿಸಬೇಕೇ? ಬೇರೊಂದನ್ನು ಕೊಳ್ಳಬೇಕೇ?

ಉದಾಹರಣೆಗೆ ಜಪಾನಿನ ಮಜ್ದಾ ಎಂಎಕ್ಸ್-5 ಕಾರನ್ನು ತೆಗೆದುಕೊಳ್ಳೋಣ. ಅಮೆರಿಕದಲ್ಲಿ ಇದಕ್ಕೆ ಮಿಯಾಟ ಎಂಬ ಹೆಸರು. 1989ರ ಫೆಬ್ರವರಿಯಲ್ಲಿ ಷಿಕಾಗೊ ನಗರದ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಇದರಲ್ಲಿ ಎರಡೇ ಆಸನ, ಮಡಚುವ ಬಟ್ಟೆಯ ಚಾವಣಿ, 1.6 ಲೀಟರಿನ ಎಂಜಿನ್. ತೂಕ ಸುಮಾರು ಒಂದು ಟನ್. ಕುದುರೆಯೂ ಸವಾರನೂ ಒಂದೇ ದೇಹವಾಗಬೇಕು ಎಂಬ ಜಪಾನೀ ಮಾತನ್ನು ಇದರ ವಿನ್ಯಾಸಕಾರರು ಗುರಿಯಾಗಿ ಇಟ್ಟುಕೊಂಡಿದ್ದರು. 2016ರಲ್ಲಿ ಹತ್ತು ಲಕ್ಷನೆಯ ಕಾರು ತಯಾರಾಯಿತು. ರಚನೆ ಸರಳವಾದ್ದರಿಂದ ಸ್ಪ್ರಿಂಗ್, ಚಕ್ರ, ಸೈಲೆನ್ಸರ್, ಟರ್ಬೋಚಾರ್ಜರ್ ಎಂದು ಬದಲಾಯಿಸುತ್ತಾ ಹೋಗುವ ಹವ್ಯಾಸಿಗಳಿಗೆ ಇದು ಅಚ್ಚುಮೆಚ್ಚು. ಹೀಗೆ ಬೆಳೆಸಿದ ಕಾರು ಜಜ್ಜಿಹೋದರೆ ಮನೆಯ ಸದಸ್ಯನನ್ನೇ ಕಳೆದುಕೊಂಡಂತೆ ಅವರಿಗೆ ಅನಿಸುವುದು ಸಹಜ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್. ಆ ವೇಗದಲ್ಲಿ 1,000 ಕಿಲೋಗ್ರಾಂ ತೂಕದ ಕಾರಿನ ಚಲನಶಕ್ತಿ 2 ಲಕ್ಷ ಜೂಲ್. ಅದೇ ಕಾರನ್ನು 20 ಮೀಟರ್ ಎತ್ತರದ, ಎಂದರೆ ಆರು ಮಹಡಿ ಕಟ್ಟಡದ ತುದಿಯಿಂದ ಕೆಳಕ್ಕೆ ಬಿಟ್ಟರೂ ನೆಲ ಮುಟ್ಟುವಾಗ ಅಷ್ಟೇ ಶಕ್ತಿ ಇರುತ್ತದೆ. ಕಾರು ಗೋಡೆಗೆ ಗುದ್ದಿದಾಗ ಈ ಶಕ್ತಿ ಎಲ್ಲಿಯಾದರೂ ವ್ಯಯವಾಗಲೇಬೇಕು.

ಒಳಗೆ 60 ಕಿಲೋಗ್ರಾಂ ತೂಕದ ಒಬ್ಬ ವ್ಯಕ್ತಿ ಕುಳಿತಿದ್ದಾನೆ ಎನ್ನಿ. ಕಾರು ಕಲ್ಲಿನಂತೆ ಗಟ್ಟಿಯಾಗಿದ್ದು, ಅವನ ದೇಹ ಕೇವಲ 5 ಸೆಂಟಿಮೀಟರ್ ಚಲಿಸಿ ನಿಂತುಬಿಟ್ಟರೆ, ಅವನ ಮೇಲೆ ಬೀಳುವ ಸರಾಸರಿ ಬಲ ಸುಮಾರು 24 ಟನ್ ತೂಕಕ್ಕೆ ಸಮ. ಯಾವ ದೇಹವೂ ಅದನ್ನು ತಾಳಲಾರದು. ಕಾರಿನ ಮುಂಭಾಗ ಕುಸಿಯುತ್ತಾ, ಸೀಟ್ ಬೆಲ್ಟ್ ಹಿಗ್ಗುತ್ತಾ, ಒಟ್ಟು 1 ಮೀಟರ್ ದೂರದಲ್ಲಿ ಅವನು ನಿಂತರೆ ಅದೇ ಬಲ ಸುಮಾರು 1.2 ಟನ್ನಿಗೆ ಇಳಿಯುತ್ತದೆ. ಬೆಲ್ಟು ಇದನ್ನು ಎದೆ ಮತ್ತು ಸೊಂಟದ ಮೂಳೆಗಳಿಗೆ ಹಂಚಿದರೆ ಮನುಷ್ಯ ಬದುಕಬಲ್ಲ. ವೇಗದ ವರ್ಗವನ್ನು ದೂರದ ಇಮ್ಮಡಿಯಿಂದ ಭಾಗಿಸಿ, ನೀವೇ ತಾಳೆ ನೋಡಬಹುದು.

ಕಾರಿನ ಎರಡು ತುದಿ ಮೆತ್ತಗಿರಲಿ, ನಡುವಿನ ಕೋಣೆ ಮಾತ್ರ ಗಟ್ಟಿಯಾಗಿರಲಿ ಎಂಬ ವಿಚಾರವನ್ನು ರೂಪಿಸಿದವರು ಮರ್ಸಿಡಿಸ್-ಬೆಂಜ್ ಕಂಪನಿಯ ಎಂಜಿನಿಯರ್ ಬೇಲಾ ಬರೇನಿ. 1959ರಲ್ಲಿ ಅದು ಮಾರಾಟದ ಕಾರಿನಲ್ಲಿ ಅಳವಟ್ಟಿತು. ವೋಲ್ವೊ ಕಂಪನಿಯ ನಿಲ್ಸ್ ಬೊಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್ ಕೂಡ ಬಂದದ್ದು ಅದೇ ವರ್ಷ. ಆದ್ದರಿಂದ ಮೂತಿ ಮುದ್ದೆಯಾದ ಕಾರು ಸೋತಿಲ್ಲ. ಒಳಗಿದ್ದವನಿಗೆ ಬೇಕಾದ ಆ ಒಂದು ಮೀಟರನ್ನು ಅದು ತನ್ನ ಮೈಯಿಂದಲೇ ಕೊಟ್ಟಿದೆ.

ಆದರೆ ಅದನ್ನು ಕೊಡಲು ಸಾಧ್ಯವಿರುವುದು ಒಂದೇ ಬಾರಿ. ಕಾಗದಕ್ಕೆ ಸಿಕ್ಕಿಸುವ ಒಂದು ಕ್ಲಿಪ್ ತೆಗೆದುಕೊಂಡು ಬಿಡಿಸಿ, ಮತ್ತೆ ಮೊದಲಿನಂತೆ ಮಡಚಿ ನೋಡಿ. ಆಕಾರ ಹಿಂದಿರುಗಿದಂತೆ ಕಂಡರೂ ಮಡಿಕೆಯ ಗುರುತು ಹೋಗುವುದಿಲ್ಲ. ನಾಲ್ಕಾರು ಬಾರಿ ಹೀಗೆ ಮಾಡಿದರೆ ಅಲ್ಲಿಯೇ ಮುರಿಯುತ್ತದೆ. ಸ್ಥಿತಿಸ್ಥಾಪಕತೆಯ ಮಿತಿಯನ್ನು ಒಮ್ಮೆ ದಾಟಿದ ಲೋಹ ಮೊದಲಿನ ಲೋಹವಲ್ಲ. ಅದು ಗಡುಸಾಗುತ್ತದೆ, ಪೆಡಸಾಗುತ್ತದೆ. ಇತ್ತೀಚಿನ ಕಾರುಗಳ ಅತಿ ಬಲಿಷ್ಠ ಉಕ್ಕನ್ನು ಕಾಯಿಸಿ ನೆಟ್ಟಗೆ ಮಾಡಹೊರಟರೆ ಅದರ ಬಲವೇ ಕುಂದುತ್ತದೆ. ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದರೆ ಕಣ್ಣಿಗೆ ಹೊಸದಾಗಿ ಕಾಣಬಹುದು. ಎರಡನೆಯ ಗುದ್ದಿನಲ್ಲಿ ಆ ಉಕ್ಕು ಹೇಗೆ ಮಡಚಿಕೊಳ್ಳುತ್ತದೆ ಎಂಬುದನ್ನು ಹೊರಗಿನಿಂದ ನೋಡಿ ಯಾರೂ ಹೇಳಲಾರರು.

ಬಾಗಿಲು, ಬಂಪರು, ದೀಪಗಳಂಥ ಹೊರಭಾಗಕ್ಕಷ್ಟೇ ಪೆಟ್ಟಾಗಿದ್ದರೆ ರಿಪೇರಿಗೆ ಯಾವ ಅಡ್ಡಿಯೂ ಇಲ್ಲ. ಚೌಕಟ್ಟಿಗೇ ಪೆಟ್ಟಾಗಿದ್ದರೆ ಅಳತೆಯ ಮೇಜಿನ ಮೇಲೇರಿಸಿ ಮಿಲಿಮೀಟರ್ ಲೆಕ್ಕದಲ್ಲಿ ಪರೀಕ್ಷಿಸಬೇಕು. ಬ್ರಿಟನ್ನಿನಲ್ಲಿ 2017ರಿಂದ ವಿಮಾ ಕಂಪನಿಗಳು ಇಂಥ ಕಾರುಗಳನ್ನು ನಾಲ್ಕು ದರ್ಜೆಗಳಲ್ಲಿ ವಿಂಗಡಿಸುತ್ತಿವೆ. ಮೊದಲನೆಯದನ್ನು ಪೂರ್ತಿ ಪುಡಿಮಾಡಬೇಕು. ಎರಡನೆಯದರ ಬಿಡಿಭಾಗ ಬಳಸಬಹುದು, ಒಡಲನ್ನು ಮಾತ್ರ ಪುಡಿಮಾಡಬೇಕು. ಮೂರನೆಯದರಲ್ಲಿ ಚೌಕಟ್ಟಿಗೆ ಪೆಟ್ಟಾಗಿದ್ದರೂ ದುರಸ್ತಿ ಸಾಧ್ಯ. ನಾಲ್ಕನೆಯದರಲ್ಲಿ ಚೌಕಟ್ಟು ಸುರಕ್ಷಿತ.

"ಮಿಸ್ಟರ್ ಬೀನ್" ಪಾತ್ರದ ನಟ ರೋವನ್ ಅಟ್ಕಿನ್ಸನ್ 2011ರಲ್ಲಿ ತಮ್ಮ ಮೆಕ್‌ಲಾರೆನ್ ಎಫ್1 ಕಾರನ್ನು ಗುದ್ದಿಸಿದಾಗ, ಸುಮಾರು 9 ಲಕ್ಷ ಪೌಂಡ್ ಖರ್ಚಿನಲ್ಲಿ ಅದನ್ನು ರಿಪೇರಿ ಮಾಡಲಾಯಿತಲ್ಲ ಎಂದು ನೀವು ಕೇಳಬಹುದು. ಆ ಮಾದರಿಯಲ್ಲಿ ತಯಾರಾದವು ಒಟ್ಟು 106 ಕಾರುಗಳು ಮಾತ್ರ. ರಿಪೇರಿ ನಡೆದದ್ದು ತಯಾರಕರಲ್ಲಿಯೇ. 2015ರಲ್ಲಿ ಅದು ಸುಮಾರು 80 ಲಕ್ಷ ಪೌಂಡಿಗೆ ಮಾರಾಟವಾಯಿತು. ಹತ್ತು ಲಕ್ಷ ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಈ ಲೆಕ್ಕ ಹೊಂದುವುದಿಲ್ಲ.

ಹಾಗಾದರೆ ಹಳೆಯ ಕಾರಿನಿಂದ ಹೊಸದಕ್ಕೆ ಏನನ್ನು ಒಯ್ಯಬಹುದು? ಪರೀಕ್ಷೆಯಲ್ಲಿ ಸರಿಯೆಂದು ತೇರ್ಗಡೆಯಾದ ಎಂಜಿನ್, ಗೇರ್‌ಬಾಕ್ಸ್, ಪೆಟ್ಟಿಲ್ಲದ ಬದಿಯ ಭಾಗಗಳನ್ನು ಒಯ್ಯಬಹುದು. ಅಪಘಾತದಲ್ಲಿ ಎಳೆತಕ್ಕೆ ಸಿಕ್ಕ ಸೀಟ್ ಬೆಲ್ಟ್, ಉಬ್ಬಿದ ಏರ್‌ಬ್ಯಾಗ್, ಬಾಗಿದ ರೋಲ್ ಬಾರ್ ಇವನ್ನು ಒಯ್ಯಲೇಬಾರದು. ಕಣ್ಣಿಗೆ ಕಾಣದ ಬಿರುಕು ಇರಬಹುದಾದ ಚಕ್ರವನ್ನೂ ನಂಬಬಾರದು. ಹೊಸ ಕಾರಿಗೆ ಹಳೆಯ ಮಾರ್ಪಾಡುಗಳನ್ನೆಲ್ಲ ಕಣ್ಣುಮುಚ್ಚಿ ಮಾಡುವುದೂ ತರವಲ್ಲ. ಏರ್‌ಬ್ಯಾಗ್ ಇರುವ ಸ್ಟೀರಿಂಗ್ ಚಕ್ರವನ್ನು ಕಿತ್ತು ಪಂದ್ಯದ ಪುಟ್ಟ ಚಕ್ರ ಹಾಕಿದರೆ ಏರ್‌ಬ್ಯಾಗ್ ಹೋದಂತೆಯೇ. ಪಂದ್ಯದಲ್ಲಿ ಹೆಲ್ಮೆಟ್ ಧರಿಸಿದವನನ್ನು ಕಾಯುವ ಉಕ್ಕಿನ ರೋಲ್ ಬಾರ್, ರಸ್ತೆಯಲ್ಲಿ ಬರಿದಲೆಯವನಿಗೆ ಬಡಿಯಬಹುದು.

ನಮ್ಮ ದೇಶದಲ್ಲಿ ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಪರಿಹಾರಕ್ಕೂ ಸಂಚಕಾರ ಬರಬಹುದು. ಮಾಲೀಕ ಸುರಿದ ಶ್ರಮಕ್ಕೆ ವಿಮೆ ಬೆಲೆ ಕಟ್ಟುವುದಿಲ್ಲ. ಆದರೆ ಆ ಶ್ರಮದಿಂದ ಕೈಗೆ ಹತ್ತಿದ ಕಸುಬು ಜಜ್ಜಿಹೋಗಿಲ್ಲ. ಮೊದಲ ಕಾರಿನಲ್ಲಿ ಒಂದು ವಾರ ಹಿಡಿದ ಕೆಲಸ ಎರಡನೆಯದರಲ್ಲಿ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ.

ನಿಮ್ಮಲ್ಲಿ ಬಹುಮಂದಿಗೆ ಸ್ಪೋರ್ಟ್ಸ್ ಕಾರು ಇರಲಾರದು. ಆದರೆ ಮನೆಯಲ್ಲಿ ಒಂದು ಹೆಲ್ಮೆಟ್ ಇದ್ದೀತು. ಅದರ ಒಳಗಿನ ಥರ್ಮೋಕೋಲ್ ಪದರ ಕಾರಿನ ಮೂತಿಯಂತೆಯೇ ಕುಸಿದು ತಲೆಯನ್ನು ಕಾಯುತ್ತದೆ, ಒಮ್ಮೆ ಕುಸಿದರೆ ಮತ್ತೆ ಏಳುವುದಿಲ್ಲ. ಹೊರಚಿಪ್ಪು ಹೊಳೆಯುತ್ತಿದ್ದರೂ, ಅಣ್ಣನದೋ ಗೆಳೆಯನದೋ ಆಗಿದ್ದರೂ, ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಧರಿಸಬೇಡಿ. ನಿಮ್ಮ ಮನೆಯ ಹೆಲ್ಮೆಟ್ ಎಂದಾದರೂ ಅಂಥ ಪೆಟ್ಟು ತಿಂದಿದೆಯೇ ಎಂದು ಇಂದೇ ಮನೆಯವರನ್ನು ವಿಚಾರಿಸಿ.