ಚಿತ್ರಕಥೆಯನ್ನು ಓದುವ ಬಗೆ

"ಪದವಿ ತರಗತಿಗೆ ಬಂದ ಮೇಲೂ ಚಿತ್ರದ ಪುಸ್ತಕವೇ?" ಎಂದು ಕಳೆದ ಸಾಲಿನಲ್ಲಿ ನಮ್ಮ ವಾಚನಾಲಯದಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದರು. ಅವರು ಕೇಳಿದ್ದು ಸಲಿಗೆಯಿಂದ, ಹಳಿಯಬೇಕೆಂದಲ್ಲ. ಆದರೂ ಆಗ ನನಗೆ ಉತ್ತರ ತೋಚಲಿಲ್ಲ. ತಡವಾಗಿಯಾದರೂ ಆ ಉತ್ತರವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಮುಖ ಮುಚ್ಚಿಕೊಂಡ ಸಾಹಸಿಗಳು ಕನ್ನಡ ನಾಡಿಗೆ ಹೊಸಬರೇನಲ್ಲ. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ 'ಫ್ಯಾಂಟಮ್', 1965ರಲ್ಲಿ ಹುಟ್ಟಿದ 'ಸುಧಾ' ವಾರಪತ್ರಿಕೆಯಲ್ಲಿ ಕನ್ನಡ ಕಲಿತು, ನಮ್ಮ ಮಲೆನಾಡಿನ ಜಗಲಿಗಳಿಗೂ ಬಂದು ಕುಳಿತವನು. ಮಂಡಗದ್ದೆಯ ನಮ್ಮ ಮನೆಯಲ್ಲಿ ಅಜ್ಜಯ್ಯ ಆ ಪುಟಗಳನ್ನು ಕತ್ತರಿಸಿ, ಗೋಣಿದಾರದಿಂದ ಹೊಲಿದು, ಅಟ್ಟದ ಮೇಲೆ ಜೋಪಾನವಾಗಿಟ್ಟಿದ್ದರು. ಅದು ನನ್ನ ಕೈಗೆ ಬರುವ ಹೊತ್ತಿಗೆ ಅರ್ಧಕ್ಕರ್ಧ ವರಲೆಯ ಪಾಲಾಗಿತ್ತು. ಒಂದು ಹಾಳೆಯಲ್ಲಿ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದ ವೀರ ಮುಂದಿನ ಹಾಳೆಯಲ್ಲಿ ಕುದುರೆಯೇರಿರುತ್ತಿದ್ದ! ನಡುವೆ ಏನಾಯಿತೆಂಬುದನ್ನು ನಾನೇ ಕಲ್ಪಿಸಿಕೊಳ್ಳಬೇಕಾಗಿತ್ತು. ಚಿತ್ರಕಥೆಯ ಓದಿಗೆ ವರಲೆಯೇ ನನ್ನ ಮೊದಲ ಗುರುವೆಂದರೆ ತಪ್ಪಾಗಲಾರದು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು 1967ರಲ್ಲಿ ಆರಂಭಿಸಿದ 'ಅಮರ ಚಿತ್ರ ಕಥೆ'ಯ ಪುಸ್ತಕಗಳು ಸಿಕ್ಕಿದವು. ಅವುಗಳಲ್ಲಿ ಅಂಥ ತೊಡಕಿರಲಿಲ್ಲ. ಕಥೆಯೆಲ್ಲ ಮನೆಯಲ್ಲಿ ಕೇಳಿದ್ದೇ.

ತೊಡಕು ಬಂದದ್ದು ದೊಡ್ಡಪ್ಪನ ಮಗ ಅಣ್ಣಯ್ಯ ಬೆಂಗಳೂರಿನಿಂದ 'ವಾಚ್‌ಮೆನ್' ಎಂಬ ಇಂಗ್ಲಿಷ್ ಚಿತ್ರಕಥೆಯನ್ನು ತಂದುಕೊಟ್ಟಾಗ. ಬರೆದವರು ಇಂಗ್ಲೆಂಡಿನ ಅಲನ್ ಮೂರ್, ಚಿತ್ರಿಸಿದವರು ಡೇವ್ ಗಿಬ್ಬನ್ಸ್, ಬಣ್ಣ ಜಾನ್ ಹಿಗಿನ್ಸರದು. 1986-87ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಹೊರಬಂದು, ಅನಂತರ ಒಂದೇ ಗ್ರಂಥವಾದ ಕೃತಿ. ನ್ಯೂಯಾರ್ಕಿನಲ್ಲಿ ಒಬ್ಬಾತನನ್ನು ಯಾರೋ ಕಿಟಕಿಯಿಂದ ಕೆಳಕ್ಕೆಸೆದು ಕೊಲ್ಲುತ್ತಾರೆ. ಹಿಂದೊಮ್ಮೆ ಮುಖವಾಡ ತೊಟ್ಟು ಅಪರಾಧಿಗಳನ್ನು ಹಿಡಿಯುತ್ತಿದ್ದವರಲ್ಲಿ ಅವನೂ ಒಬ್ಬ. ಇಷ್ಟರಿಂದ ಕಥೆ ತೊಡಗುತ್ತದೆ. ನಾನು ಅದನ್ನು ಪತ್ತೇದಾರಿ ಕಾದಂಬರಿಯೆಂದು ಬಗೆದು, ಮಾತಿನ ಗುಳ್ಳೆಗಳನ್ನಷ್ಟೇ ಓದುತ್ತ ಎರಡು ರಾತ್ರಿಗಳಲ್ಲಿ ಮುಗಿಸಿದೆ. ಕೊಲೆಗಾರನಾರೆಂದು ತಿಳಿಯಿತು, ಉಳಿದದ್ದೇನೂ ತಿಳಿಯಲಿಲ್ಲ.

ನಮ್ಮೂರಿಗೆ ಬಂದವರು ಬಲ್ಲರು. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ತೀರ್ಥಹಳ್ಳಿಗೆ ಹೋಗುವ ಪ್ರಯಾಣಿಕರು ಬಸ್ಸಿನಿಂದ ನೋಡಿ, "ಬಿಳಿಯವು ಕೆಲವು, ಕರಿಯವು ಕೆಲವು" ಎಂದು ಹೊರಟುಹೋಗುತ್ತಾರೆ. ಗೋಪುರವನ್ನೇರಿ ಒಂದು ಗಂಟೆ ಸುಮ್ಮನೆ ನಿಂತವನಿಗೆ ಬೆಳ್ಳಕ್ಕಿ ಯಾವುದು, ನೀರುಕಾಗೆ ಯಾವುದು, ಯಾವ ಗೂಡಿನಲ್ಲಿ ಮರಿಯಿದೆ ಎಂಬುದೆಲ್ಲ ಒಂದೊಂದಾಗಿ ಕಾಣತೊಡಗುತ್ತದೆ. ಮೊದಲ ಓದಿನಲ್ಲಿ ನಾನು ಬಸ್ಸಿನ ಪ್ರಯಾಣಿಕನಾಗಿದ್ದೆ.

ಎರಡನೆಯ ಸಲ ಮಾತನ್ನು ಬಿಟ್ಟು ಚಿತ್ರಗಳನ್ನೇ ನೋಡುತ್ತ ಹೋದೆ. ವಾಚಕರಿಗೆ ನನ್ನ ಮೊದಲ ಸೂಚನೆಯೂ ಇದೇ. ಈ ಕೃತಿಯ ಪುಟ ಸಾಮಾನ್ಯವಾಗಿ ಸಾಲಿಗೆ ಮೂರರಂತೆ ಒಂಬತ್ತು ಚೌಕಗಳದು. ಎರಡು ಚೌಕಗಳ ನಡುವೆ ಬಿಟ್ಟ ಬಿಳಿಯಲ್ಲಿ ಒಂದು ಕ್ಷಣ ಸರಿದಿರಬಹುದು, ಇಪ್ಪತ್ತು ವರ್ಷವೂ ಸರಿದಿರಬಹುದು. ಎಷ್ಟೆಂಬುದನ್ನು ನಾವೇ ಅಳೆಯಬೇಕು. ಹಾಗೆ ನೋಡುವಾಗ ಮೊತ್ತಮೊದಲ ಪುಟದಲ್ಲಿಯೇ ಲೋಕದ ಅಂತ್ಯ ಸಮೀಪಿಸಿತೆಂದು ಸಾರುವ ಫಲಕ ಹೊತ್ತು ನಡೆದುಹೋಗುವ ಮನುಷ್ಯನೊಬ್ಬ ಕಣ್ಣಿಗೆ ಬಿದ್ದ. ಮೊದಲ ಸಲ ಅವನನ್ನು ಬೀದಿಯ ಹುಚ್ಚನೆಂದು ದಾಟಿ ಹೋಗಿದ್ದೆ. ಅವನಾರೆಂದು ಹೇಳಿದರೆ ಮುಂದೆ ಓದುವವರ ಸುಖವನ್ನು ಕಸಿದಂತಾದೀತು. ಕತೆಗಾರ ಮಾತ್ರ ಏನನ್ನೂ ಬಚ್ಚಿಟ್ಟಿರಲಿಲ್ಲ, ನೋಡದಿದ್ದವನು ನಾನು.

ಐದನೆಯ ಅಧ್ಯಾಯವನ್ನು ಮೊದಲ ಪುಟ ಕೊನೆಯ ಪುಟಗಳನ್ನು ಜೋಡಿಸಿಟ್ಟು ನೋಡಬೇಕು. ಮೊದಲಿನಿಂದ ಎರಡನೆಯದಕ್ಕೆ ಕೊನೆಯಿಂದ ಎರಡನೆಯದು, ಹೀಗೆಯೇ ನಡುವಿನವರೆಗೂ, ಕನ್ನಡಿಯಲ್ಲಿ ಕಂಡಂತೆ ಪುಟಗಳ ವಿನ್ಯಾಸ ಹೊಂದಿಕೊಳ್ಳುತ್ತದೆ. ಚಿತ್ರಕಾವ್ಯಗಳ ಲಕ್ಷಣವನ್ನು ಕನ್ನಡ ಐಚ್ಛಿಕದಲ್ಲಿ ಬಾಯಿಪಾಠ ಮಾಡಿದ ಮಿತ್ರರಿಗೆ ಇದು ವಿಶೇಷ ಸಂತೋಷ ಕೊಟ್ಟೀತು.

ಇನ್ನು, ಹನ್ನೊಂದು ಅಧ್ಯಾಯಗಳ ಕೊನೆಗೆ ಚಿತ್ರಗಳ ಬದಲು ಕೆಲವು ಬರಹದ ಪುಟಗಳಿವೆ: ಒಬ್ಬ ನಿವೃತ್ತ ವೀರನ ಆತ್ಮಕಥೆಯ ಭಾಗ, ವೈದ್ಯನ ಟಿಪ್ಪಣಿ, ಪತ್ರಿಕೆಯ ತುಣುಕು ಇತ್ಯಾದಿ. ಪಠ್ಯಪುಸ್ತಕದ ಅಭ್ಯಾಸದ ಪ್ರಶ್ನೆಗಳನ್ನು ಹಾರಿಸುವಂತೆ ನಾನು ಅವನ್ನು ಹಾರಿಸಿದ್ದೆ. ಹಾರಿಸಕೂಡದು. ಆ ಲೋಕದ ಚರಿತ್ರೆ ಇರುವುದೇ ಅಲ್ಲಿ. ಆ ಚರಿತ್ರೆ ನಮ್ಮದಲ್ಲವೆಂಬುದನ್ನೂ ಗಮನದಲ್ಲಿಡಬೇಕು. ನಿಜವಾಗಿ ನಿಕ್ಸನ್ ಅವರು 1974ರಲ್ಲಿ ಅಧಿಕಾರ ಬಿಟ್ಟರು. ಕಥೆಯಲ್ಲಿ 1985ರಲ್ಲಿಯೂ ಅವರೇ ಅಧ್ಯಕ್ಷರು, ವಿಯೆಟ್ನಾಮಿನಲ್ಲಿ ಅಮೆರಿಕವೇ ಗೆದ್ದಿದೆ. ಚರಿತ್ರೆಯ ತರಗತಿಯಲ್ಲಿ ನಿದ್ರಿಸಿದವರು ಇದನ್ನೆಲ್ಲ ನಿಜವೆಂದೇ ನಂಬಿಬಿಡುವ ಅಪಾಯವುಂಟು!

ಬಹಳ ಕಷ್ಟವೆನಿಸಿದ್ದು ಕಥೆಯೊಳಗಿನ ಕಥೆ. ಪತ್ರಿಕೆ ಮಾರುವವನ ಅಂಗಡಿಯ ಬಳಿ ಹುಡುಗನೊಬ್ಬ ಕಡಲ್ಗಳ್ಳರ ಚಿತ್ರಕಥೆಯೊಂದನ್ನು ಓದುತ್ತಿರುತ್ತಾನೆ. ಅದರ ಮಾತುಗಳು ನ್ಯೂಯಾರ್ಕಿನ ಬೀದಿಯ ಚಿತ್ರಗಳ ಮೇಲೆ ಬಂದು ಕೂರುತ್ತವೆ. ಶಿವಮೊಗ್ಗೆಯ ಸಮೀಪದ ಹೊಸಹಳ್ಳಿಯು ಗಮಕಕ್ಕೆ ಹೆಸರಾದ ಊರೆಂಬುದನ್ನು ನಾವೆಲ್ಲರೂ ಬಲ್ಲೆವು. ಗಮಕಿಗಳು ಪದ್ಯವನ್ನು ವಾಚಿಸುತ್ತಾರೆ. ವ್ಯಾಖ್ಯಾನಕಾರರು ಅದಕ್ಕೆ ಅರ್ಥ ಬಿಡಿಸುತ್ತಾರೆ. ಎರಡು ದನಿ, ಒಂದೇ ಕಥೆ. ಇಲ್ಲಿಯಾದರೋ ವಾಚನ ಒಂದು ಕಥೆಯದು, ಅದರ ಕೆಳಗಿನ ಚಿತ್ರ ಇನ್ನೊಂದರದು. ಆದರೂ ಎರಡನ್ನೂ ತಾಳ್ಮೆಯಿಂದ ಹಿಡಿದುಕೊಂಡರೆ ಒಂದು ಇನ್ನೊಂದರ ವ್ಯಾಖ್ಯಾನವಾಗುತ್ತದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿದವನು ಎಲ್ಲಿಗೆ ಮುಟ್ಟಬಲ್ಲನೆಂಬುದನ್ನು ಆ ಕಡಲಿನ ಕಥೆ ಮುಂಚಿತವಾಗಿಯೇ ಹೇಳುತ್ತಿರುತ್ತದೆ.

ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳದಿದ್ದರೆ ಲೇಖನ ಅರ್ಧವಾದೀತು. ಈ ಕೃತಿಯಲ್ಲಿ ರೋರ್ಶಾಕ್ ಎಂಬೊಬ್ಬನಿದ್ದಾನೆ. ಅವನ ಮುಖವಾಡದ ಮೇಲೆ ಕಪ್ಪು ಬಿಳುಪುಗಳು ಸದಾ ಹರಿದಾಡುತ್ತವೆ. ಎಂದೂ ಬೆರೆತು ಬೂದಿಯ ಬಣ್ಣವಾಗುವುದಿಲ್ಲ. ಅವನು ಯಾರೊಡನೆಯೂ ರಾಜಿಯಾಗದವನು. ಮೊದಲ ಓದಿನಲ್ಲಿ ಅವನೇ ನನ್ನ ನಾಯಕನಾದ. ಆ ದಿನಗಳಲ್ಲಿಯೇ ನಮ್ಮ ಹಾಸ್ಟೆಲಿನ ಸಹಪಾಠಿಯೊಬ್ಬ ಮೆಸ್ಸಿನ ಹಣದಲ್ಲಿ ಸ್ವಲ್ಪವನ್ನು ಕೈಬದಲು ಮಾಡಿಕೊಂಡು ವಾರ ಕಳೆದರೂ ತುಂಬಿರಲಿಲ್ಲ. ಊರಿನಲ್ಲಿ ಅವನ ತಾಯಿಗೆ ಕಾಯಿಲೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಎದ್ದುನಿಂತು ಅವನ ಹೆಸರು ಹಿಡಿದು ಹೇಳಿದೆ. ಸತ್ಯ ಸತ್ಯವೇ ಅಲ್ಲವೇ ಎಂಬ ಹಮ್ಮು. ಅವನು ತಟ್ಟೆಯ ಮುಂದಿನಿಂದ ಎದ್ದುಹೋದ. ಮೂರನೆಯ ದಿನ ಹಣ ತುಂಬಿ ಹಾಸ್ಟೆಲನ್ನೇ ಬಿಟ್ಟ.

ಎರಡನೆಯ ಓದಿನಲ್ಲಿ ಮೊದಲ ಅಧ್ಯಾಯದ ಒಂದು ಪುಟಕ್ಕೆ ಬಂದು ನಿಂತೆ. ರೋರ್ಶಾಕ್ ಹೆಂಡದಂಗಡಿಯೊಂದಕ್ಕೆ ಹೋಗಿ, ಕೊಲೆಯ ಸುಳಿವು ಬೇಕೆಂದು ಒಬ್ಬನ ಬೆರಳುಗಳನ್ನು ಮುರಿಯುತ್ತಾನೆ. ಅವನ ದಿನಚರಿಯ ಮಾತನ್ನಷ್ಟೇ ಓದಿದರೆ ಅದೊಂದು ಕರ್ತವ್ಯ. ಚಿತ್ರವನ್ನು ನೋಡಿದರೆ ನೋವಿನಲ್ಲಿ ಒದ್ದಾಡುವ ಒಬ್ಬ ಮನುಷ್ಯ, ಸುಳಿವೂ ಸಿಕ್ಕುವುದಿಲ್ಲ. ಮಾತು ಹೇಳುವುದನ್ನು ಚಿತ್ರ ಒಪ್ಪುತ್ತಿಲ್ಲ. ಕೃತಿಕಾರರು ಆ ದಿನಚರಿಯನ್ನು ನನ್ನ ಕೈಗಿತ್ತದ್ದು ನಂಬಲೆಂದಲ್ಲ, ಚಿತ್ರದೊಡನೆ ಹೋಲಿಸಿ ನೋಡಲೆಂದು. ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತೆ. ನನ್ನ ಕಣ್ಣಿಗೆ ಕಟ್ಟಿದ್ದು ಆ ಹೆಂಡದಂಗಡಿಯಲ್ಲ, ಅರ್ಧ ಉಂಡು ಬಿಟ್ಟ ಒಂದು ತಟ್ಟೆ.

ಈಗ ಆ ಮಿತ್ರ ದಿನವೂ ಊರಿನಿಂದ ಬಸ್ಸಿನಲ್ಲಿ ಬಂದುಹೋಗುತ್ತಾನೆ. ಕ್ಷಮೆ ಕೇಳುವುದಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ಅವನು "ಆಗ್ಲಿ ಬಿಡು ಮಾರಾಯ" ಎಂದ. ಅಷ್ಟೆ, ಹೆಚ್ಚು ಮಾತಾಡಲಿಲ್ಲ. ಪುಸ್ತಕವನ್ನು ಅವನಿಗೆ ಕೊಟ್ಟೆ. ಹಿಂದಿನ ಪುಟಗಳಿಗೆ ಮರಳಲು ಸಂಕೋಚಪಡಬೇಡವೆಂದೂ, ಬರಹದ ಪುಟಗಳನ್ನು ಹಾರಿಸಬೇಡವೆಂದೂ ಹೇಳಿದೆ. ಹೋದ ವಾರ ವಾಚನಾಲಯದಲ್ಲಿ ಅವನ ಚೀಲದಿಂದ ಅದು ಹೊರಗೆ ಇಣುಕುತ್ತಿತ್ತು. ಬಸ್ಸಿನ ಟಿಕೀಟೊಂದನ್ನು ಗುರುತಿಗೆಂದು ಸಿಕ್ಕಿಸಿದ್ದ. ಆರನೆಯ ಅಧ್ಯಾಯ, ರೋರ್ಶಾಕ್ ಮನೋವೈದ್ಯನ ಎದುರು ಕುಳಿತಿರುವ ಭಾಗ. ಅವನಿಗೆ ಏನನ್ನಿಸಿತೆಂದು ನಾನಿನ್ನೂ ಕೇಳಿಲ್ಲ.