ಟ್ರ್ಯಾಕ್ ದಾಟಿದ ನಗೆಗಾರರು

ಹಳೆಯ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ ಈಗಿನಷ್ಟು ಸಣ್ಣದಾಗಿರಲಿಲ್ಲ. ನಮ್ಮ ಕೊಳ್ಳೇಗಾಲವೂ 1956ರ ನವೆಂಬರ್ 1ರವರೆಗೆ ಅದರೊಳಗೇ ಇತ್ತು. ತಾಳವಾಡಿ ಸೀಮೆಯ ಗಾಜನೂರು ಇತ್ತು, ದಕ್ಷಿಣಕ್ಕೆ ಅಮರಾವತಿ ಹೊಳೆಯ ದಡದ ಧಾರಾಪುರಂ ಇತ್ತು. 1929ರಲ್ಲಿ ಗಾಜನೂರಿನಲ್ಲಿ ಮುತ್ತುರಾಜ ಹುಟ್ಟಿದ. ನಾಲ್ಕು ವರ್ಷ ಕಳೆದು, 1933ರ ಸೆಪ್ಟೆಂಬರ್‌ನಲ್ಲಿ, ಧಾರಾಪುರಂನ ಕನ್ನಡ ಮಾತಾಡುವ ಮಾಧ್ವ ಬ್ರಾಹ್ಮಣರ ಮನೆಯಲ್ಲಿ ನಾಗೇಶ್ವರ ಹುಟ್ಟಿದ. ಮೊದಲನೆಯವರು ರಾಜ್‌ಕುಮಾರ್ ಆಗಿ, ನಮಗೆ ಅಣ್ಣಾವ್ರಾದರು. ಎರಡನೆಯವರು ತಮಿಳರ ನಾಗೇಶ್.

ನಾಗೇಶರ ತಂದೆ ಕೃಷ್ಣರಾವ್ ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಕೆಲಸಕ್ಕಿದ್ದವರು. ಕನ್ನಡ ತೆರೆಯ ನಗೆಗಾರ ಟಿ.ಎನ್. ಬಾಲಕೃಷ್ಣ ಅವರೂ ಹುಟ್ಟಿದ್ದು ಅದೇ ಅರಸೀಕೆರೆಯಲ್ಲಿ. ಕಾಕತಾಳೀಯ, ಅಷ್ಟೇ. ಮನೆಯವರು ಗುಂಡಪ್ಪ ಎಂದು ಕರೆಯುತ್ತಿದ್ದ ನಾಗೇಶರ ಮೈಯಲ್ಲಿ ಗುಂಡಗಿದ್ದುದು ಏನೂ ಇರಲಿಲ್ಲ. ಕಡ್ಡಿಯಂಥ ಶರೀರ. ಎಳೆ ಪ್ರಾಯದಲ್ಲಿ ಬಂದ ಸಿಡುಬು ಮುಖದ ತುಂಬ ಕಲೆ ಬಿಟ್ಟು ಹೋಗಿತ್ತು. ಸಿನಿಮಾಕ್ಕೆ ಬೇಕಾದದ್ದು ಯಾವುದೂ ಆ ಮುಖದಲ್ಲಿ ಇರಲಿಲ್ಲ, ಆಡಿಕೊಳ್ಳುವವರಿಗೆ ಬೇಕಾದದ್ದೆಲ್ಲ ಇತ್ತು.

ಆಡಿಕೊಳ್ಳುವ ಆ ನಗೆಯಿಂದಲೇ ಈ ಕಥೆ ಶುರುವಾಗುತ್ತದೆ. ಈಗಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳು ತಮಿಳು ತೆರೆಗೆ ಕೊಟ್ಟ ನಗೆಗಾರರನ್ನು ಸಾಲಾಗಿ ನಿಲ್ಲಿಸಿದರೆ ಅದರ ಮೂರು ಬಗೆಗಳೂ ಸಿಗುತ್ತವೆ: ಧಾರಾಪುರಂನ ನಾಗೇಶ್, ಉಡುಮಲಪೇಟೆ ಬಳಿಯ ವಲ್ಲಕುಂಡಾಪುರದ ಗೌಂಡಮಣಿ, ಹೆಸರಿನಲ್ಲೇ ಕೊಯಮತ್ತೂರನ್ನು ಹೊತ್ತ ಕೋವೈ ಸರಳಾ. ಮೊದಲನೆಯವರು ತಮ್ಮ ಮೈಯನ್ನೇ ನಗೆಗೆ ಒಡ್ಡಿದವರು. ಎರಡನೆಯವರು ಪಕ್ಕದವನ ಮೈಯನ್ನು ಆಡಿಕೊಂಡವರು. ಮೂರನೆಯವರದು ಗಂಟಲು. ಮೂವರೂ ಒಂದಲ್ಲ ಒಂದು ದಿನ ಗಂಭೀರ ಪಾತ್ರದ ಬಾಗಿಲಿಗೆ ಬಂದರು. ಬಾಗಿಲು ತೆರೆದ ರೀತಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಅದಕ್ಕೆ ಮೊದಲು ಕಾಮಿಡಿ ಟ್ರ್ಯಾಕ್ ಎಂಬ ಏರ್ಪಾಟಿನ ವಿಷಯ ಹೇಳಬೇಕು. ತಮಿಳಿನಲ್ಲಿ ಇದನ್ನು ಗಟ್ಟಿಗೊಳಿಸಿದವರು ನಾಗರಕೋಯಿಲ್‌ನ ಎನ್.ಎಸ್. ಕೃಷ್ಣನ್. ನಾಯಕ ನಾಯಕಿಯರ ಕಥೆ ಒಂದು ಕಡೆ ನಡೆಯುತ್ತಿರುತ್ತದೆ. ಕೃಷ್ಣನ್ ಮತ್ತು ಟಿ.ಎ. ಮಧುರಂ ತಮ್ಮದೇ ಮಾತು, ಹಾಡು, ಸನ್ನಿವೇಶ ಕಟ್ಟಿಕೊಂಡು ಬಂದು ನಡುನಡುವೆ ಕೂರುತ್ತಾರೆ. ಅವರದು ಬುದ್ಧಿ ಹೇಳುವ ನಗೆ, ಹೊಲಸಿಲ್ಲ. ಆದರೆ ಅವರು ಬಿಟ್ಟುಹೋದ ಚೌಕಟ್ಟಿನೊಳಗೆ ಮುಂದೆ ಏನನ್ನು ಬೇಕಾದರೂ ತುಂಬಬಹುದಿತ್ತು. ಟ್ರ್ಯಾಕಿನ ನಗೆಗಾರನಿಗೆ ತಾಯಿಯಿಲ್ಲ, ಸಾಲವಿಲ್ಲ, ನಾಳೆಯಿಲ್ಲ. ಒದೆ ತಿಂದರೆ ನೋವಿಲ್ಲ, ಮುಂದಿನ ದೃಶ್ಯದಲ್ಲಿ ಮತ್ತೆ ನೆಟ್ಟಗೆ ನಿಂತಿರುತ್ತಾನೆ. ಹೊಲಸು ಹಾಸ್ಯ ಸೊಂಪಾಗಿ ಬೆಳೆಯುವುದು ಇಂಥ ಕಡೆಯಲ್ಲೇ ಎಂಬುದು ನನ್ನ ಎಣಿಕೆ. ಬೈಸಿಕೊಂಡವನಿಗೆ ಒಂದು ಮನೆಯಿದೆ ಎಂದು ಗೊತ್ತಾದ ಕೂಡಲೇ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಹಾಗೆಂದು ನಗೆಗೂ ಉಳಿದ ರಸಗಳಿಗೂ ನಡುವೆ ಗೋಡೆಯೇ ಇತ್ತೆಂದಲ್ಲ. ಕೊಯಮತ್ತೂರಿನಲ್ಲಿ ಸೆಂಟ್ರಲ್ ಸ್ಟುಡಿಯೋ, ಪಕ್ಷಿರಾಜ ಸ್ಟುಡಿಯೋಗಳು ಜೋರಾಗಿದ್ದ ಕಾಲದಲ್ಲಿ ತೆರೆಕಂಡ ‘ರಾಜಕುಮಾರಿ’ಯಲ್ಲಿ (1947) ಎಂ.ಜಿ.ಆರ್. ಪಕ್ಕದಲ್ಲಿ ನಗಿಸಿದವರು ಎಂ.ಎನ್. ನಂಬಿಯಾರ್. ಮುಂದೆ ಅವರು ತಮಿಳುನಾಡೇ ಹೆದರುವ ಖಳನಾದರು. ಖಳನಾಗಿದ್ದ ಟಿ.ಎಸ್. ಬಾಲಯ್ಯ ಉಲ್ಟಾ ದಾರಿಯಲ್ಲಿ ನಗೆಗೆ ಬಂದರು. ನಮ್ಮ ಬಾಲಕೃಷ್ಣ ಖಳತನ, ನಗೆ ಎರಡನ್ನೂ ಒಟ್ಟೊಟ್ಟಿಗೇ ಮಾಡಿದರು.

ನಾಗೇಶ್ ಮದ್ರಾಸಿಗೆ ಹೋಗಿ ರೈಲ್ವೆಯಲ್ಲಿ ಗುಮಾಸ್ತರಾದರು. ಕಚೇರಿಯವರ ನಾಟಕವೊಂದರಲ್ಲಿ ಹೊಟ್ಟೆನೋವಿನ ರೋಗಿಯ ಪುಟ್ಟ ಪಾತ್ರ. ಅಧ್ಯಕ್ಷರಾಗಿ ಬಂದಿದ್ದ ಎಂ.ಜಿ.ಆರ್. ಉಳಿದವರನ್ನೆಲ್ಲ ಬಿಟ್ಟು ಹೊಟ್ಟೆನೋವಿನವನನ್ನು ಹೊಗಳಿದರಂತೆ. ನೋವಿನಿಂದ ನುಲಿಯುವ ಮೈಯನ್ನು ಕಂಡು ಜನ ನಕ್ಕದ್ದು ಅದೇ ಮೊದಲು. ಆಮೇಲೆ ಆ ಮೈ ಸುಮ್ಮನೆ ಕೂರಲಿಲ್ಲ. ಶ್ರೀಧರ್ ನಿರ್ದೇಶನದ ‘ಕಾದಲಿಕ್ಕ ನೇರಮಿಲ್ಲೈ’ (1964) ಚಿತ್ರದ ಬಹುಭಾಗ ತೆಗೆದದ್ದು ಪೊಳ್ಳಾಚಿ ಬಳಿಯ ಆಳಿಯಾರಿನಲ್ಲಿ. ಸಿನಿಮಾ ಹುಚ್ಚು ಹಿಡಿದ ಶ್ರೀಮಂತರ ಮಗ ನಾಗೇಶ್, ತಾನು ತೆಗೆಯಲಿರುವ ಭಯಾನಕ ಚಿತ್ರದ ಕಥೆಯನ್ನು ಅಪ್ಪನಿಗೆ ಹೇಳುತ್ತಾನೆ. ಅಪ್ಪ ಅದೇ ಬಾಲಯ್ಯ. ದೆವ್ವವಿಲ್ಲ, ಸಂಗೀತದ ಅಬ್ಬರವಿಲ್ಲ. ಬರೀ ಬಾಯಿಸದ್ದು, ಕಣ್ಣು, ಬೆರಳು. ಬಾಲಯ್ಯ ಬೆವರುತ್ತಾರೆ, ನಾವು ಹೊಟ್ಟೆ ಹಿಡಿದುಕೊಳ್ಳುತ್ತೇವೆ. ಯಾರನ್ನೂ ಹೀನಾಯ ಮಾಡದೆ ಇಷ್ಟು ನಗಿಸಿದ ಇನ್ನೊಂದು ದೃಶ್ಯ ದಕ್ಷಿಣದ ತೆರೆಯಲ್ಲಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ.

ಅದೇ ವರ್ಷದ ಕೊನೆಗೆ ‘ಸರ್ವರ್ ಸುಂದರಂ’ ಬಂತು. ಮದ್ರಾಸಿನ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಕೆಲಸ ಮಾಡುತ್ತ ಸಂಜೆ ನಾಟಕ ಆಡಿಸುತ್ತಿದ್ದ ಕೆ. ಬಾಲಚಂದರ್ ನಾಗೇಶರಿಗೆಂದೇ ಬರೆದದ್ದು. ಎ.ವಿ.ಎಂ.ನವರು ಅದನ್ನು ಸಿನಿಮಾ ಮಾಡಿಸಿದರು, ನಿರ್ದೇಶನ ಕೃಷ್ಣನ್–ಪಂಜು ಜೋಡಿಯದು. ಹೋಟೆಲ್ ಮಾಣಿಯೊಬ್ಬ ಕೈಮೇಲೆ ಕಪ್ಪು ಬಸಿಗಳ ಗೋಪುರ ಕಟ್ಟಿಕೊಂಡು ಓಡಾಡುತ್ತಾನೆ. ಜನ ನಗುತ್ತಾರೆ. ಅಲ್ಲಿಗೆ ಬರುವ ಹುಡುಗಿ ನಕ್ಕು ಮಾತಾಡಿಸಿದ್ದನ್ನು ಒಲವೆಂದುಕೊಳ್ಳುತ್ತಾನೆ. ಗೆಳೆಯನ ಕೈಹಿಡಿದು ಸಿನಿಮಾಕ್ಕೆ ಹೋಗಿ ತಾರೆಯೂ ಆಗುತ್ತಾನೆ. ಆಗ ತಿಳಿಯುವುದು, ಅವಳು ಮನಸ್ಸಿಟ್ಟದ್ದು ಆ ಗೆಳೆಯನ ಮೇಲೆ ಎಂದು.

ಈ ಪಾತ್ರವನ್ನು ‘ಹಾಸ್ಯನಟ ಅಳಿಸಿದ’ ಎಂದು ಬರೆದು ಮುಗಿಸುವುದು ರೂಢಿ. ಅಷ್ಟೇ ಆಗಿದ್ದರೆ ಅದು ವೇಷ ಬದಲಾವಣೆಯಾಗುತ್ತಿತ್ತು. ಬಾಲಚಂದರ್ ಮಾಡಿದ್ದು ಬೇರೆ. ಅವರು ನಾಗೇಶರ ಸಿಡುಬಿನ ಕಲೆಗೆ ಬಣ್ಣ ಬಳಿಯಲಿಲ್ಲ, ಕಡ್ಡಿ ಕಾಲುಗಳನ್ನು ಮರೆಸಲಿಲ್ಲ. ಟ್ರ್ಯಾಕಿನಲ್ಲಿ ಯಾವ ಮೈಯನ್ನು ಆಡಿಕೊಳ್ಳುತ್ತಿದ್ದರೋ ಅದನ್ನೇ ಕಥೆಯ ನಡುವೆ ತಂದು ನಿಲ್ಲಿಸಿ, ಹೆಸರಿಗೆ ಸುಂದರಂ ಎಂದು ಕರೆದು, ಅವನಿಗೊಬ್ಬ ತಾಯಿಯನ್ನು ಕೊಟ್ಟರು. ಎಸ್.ಎನ್. ಲಕ್ಷ್ಮಿ ಆ ತಾಯಿ. ಮಗ ತಾರೆಯಾದ ಮೇಲೆ ಆಕೆ ಸಾಯುತ್ತಾಳೆ, ಅವನು ಎಲ್ಲ ಬಿಟ್ಟು ಮತ್ತೆ ಮಾಣಿಯ ಕೆಲಸಕ್ಕೆ ಹೋಗುತ್ತಾನೆ. ಆ ಚಿತ್ರ ಹಿಂದಿಗೆ ‘ಮೈ ಸುಂದರ್ ಹ್ಞೂ’ (1971) ಆಗಿ ಹೋದಾಗ ಪಾತ್ರ ಸಿಕ್ಕಿದ್ದೂ ನಗೆಗಾರ ಮೆಹಮೂದ್‌ಗೇ. ನಾಯಕನಟನೊಬ್ಬನಿಂದ ಅದು ಸಾಧ್ಯವಿರಲಿಲ್ಲ, ಏಕೆಂದರೆ ಅವನನ್ನು ಯಾರೂ ಮೊದಲು ಆಡಿಕೊಂಡಿರಲಿಲ್ಲ.

ಬಾಲಚಂದರ್ ತಮ್ಮ ಮೊದಲ ನಿರ್ದೇಶನ ‘ನೀರ್ಕುಮಿಳಿ’ಯಲ್ಲಿ (1965) ನಾಗೇಶರನ್ನು ಆಸ್ಪತ್ರೆಯ ಕ್ಯಾನ್ಸರ್ ರೋಗಿಯಾಗಿಸಿದರು, ‘ಎದಿರ್ ನೀಚ್ಚಲ್’ನಲ್ಲಿ (1968) ವಠಾರದ ಮೆಟ್ಟಿಲ ಕೆಳಗೆ ಮಲಗಿ, ಎಲ್ಲರ ಚಾಕರಿ ಮಾಡಿ ಓದುವ ಅನಾಥ ಮಾದುವಾಗಿಸಿದರು. ಈ ನಡುವೆ ಎ.ಪಿ. ನಾಗರಾಜನ್ ಅವರ ‘ತಿರುವಿಳೈಯಾಡಲ್’ (1965) ಚಿತ್ರದ ಬಡಕವಿ ಧರುಮಿ. ಬಹುಮಾನದ ಹೊನ್ನಿಗೆ ಬಾಯಿ ಬಿಡುವ, ಶಿವನಾದ ಶಿವಾಜಿ ಗಣೇಶನ್ ಎದುರೇ ತಕರಾರು ಮಾಡುವ ಆ ಕವಿಯಲ್ಲಿ ಹಸಿವು ಎಷ್ಟು, ಹಾಸ್ಯ ಎಷ್ಟು ಎಂದು ಬೇರ್ಪಡಿಸಲಾಗದು.

‘ಸರ್ವರ್ ಸುಂದರಂ’ ಚಿತ್ರದಲ್ಲಿ ಕಾರು ಓಡಿಸುವವನಾಗಿ ಒಬ್ಬ ತರುಣ ಕ್ಷಣಹೊತ್ತು ಬಂದು ಹೋಗುತ್ತಾನೆ. ಟೈಟಲ್ ಕಾರ್ಡಿನಲ್ಲಿ ಹೆಸರಿಲ್ಲ. ಅವರೇ ಗೌಂಡಮಣಿ. ಹುಟ್ಟುಹೆಸರು ಸುಬ್ರಮಣಿಯನ್. ನಾಟಕಗಳಲ್ಲಿ ಮಾತಿಗೆ ಮಾತು ‘ಕೌಂಟರ್’ ಕೊಡುತ್ತಿದ್ದರಿಂದ ಈ ಹೆಸರು ಬಂತು ಎನ್ನುವವರಿದ್ದಾರೆ. ಜನ ಗುರುತಿಸಿದ್ದು ಭಾರತಿರಾಜಾ ಅವರ ‘16 ವಯದಿನಿಲೇ’ (1977) ಚಿತ್ರದಲ್ಲಿ, ರಜನೀಕಾಂತ್ ಪಾತ್ರದ ಬಾಲಬಡುಕನಾಗಿ. ಹೀಗೆ ಪಕ್ಕದಲ್ಲಿ ನಿಂತವರು ಎಂಬತ್ತರ ದಶಕದಲ್ಲಿ ತಮ್ಮ ಪಕ್ಕಕ್ಕೊಬ್ಬನನ್ನು ನಿಲ್ಲಿಸಿಕೊಂಡರು. ಅವನು ಸೆಂದಿಲ್.

ಕೊಯಮತ್ತೂರು ಸೀಮೆಯಾದ ಕೊಂಗುನಾಡಿನ ಮಾತು ತಮಿಳುನಾಡಿನಲ್ಲೆಲ್ಲ ಮರ್ಯಾದೆಗೆ ಹೆಸರಾದದ್ದು. ಚಿಕ್ಕ ಮಕ್ಕಳಿಗೂ ಬಹುವಚನ. ಅಂಥ ಸೀಮೆಯಿಂದ ಬಂದವರು ತೆರೆಯ ಮೇಲೆ ಇನ್ನೊಬ್ಬನ ತಲೆಯ ಆಕಾರ, ಮೈಬಣ್ಣ, ಹೊಟ್ಟೆ ಯಾವುದನ್ನೂ ಬಿಡದೆ ಜರೆದರು, ಹಂದಿ ಎಂದರು, ಒದ್ದರು. ಗಂಗೈ ಅಮರನ್ ಅವರ ‘ಕರಗಾಟ್ಟಕ್ಕಾರನ್’ (1989) ಚಿತ್ರದ ಬಾಳೆಹಣ್ಣಿನ ದೃಶ್ಯ ತಮಿಳು ಬಾರದ ಕನ್ನಡಿಗರಿಗೂ ಗೊತ್ತು. ಎರಡು ಹಣ್ಣು ತರಲು ಕಾಸು ಕೊಟ್ಟರೆ ಸೆಂದಿಲ್ ಒಂದನ್ನು ತಿಂದು ಒಂದನ್ನು ತರುತ್ತಾನೆ. ಇನ್ನೊಂದು ಎಲ್ಲಿ ಎಂದರೆ ‘ಅದೇ ಇದು’ ಎನ್ನುತ್ತಾನೆ. ಈ ಜೋಡಿಯ ಎಷ್ಟೋ ಟ್ರ್ಯಾಕ್‌ಗಳಂತೆ ಇದನ್ನೂ ಬರೆದವರು ಎ. ವೀರಪ್ಪನ್ ಎಂಬ ನಟ. ಚಿತ್ರದ ಕಥೆಗೂ ಹಣ್ಣಿಗೂ ಸಂಬಂಧವಿಲ್ಲ. ಕತ್ತರಿಸಿ ತೆಗೆದರೆ ಕಥೆಗೆ ಗಾಯವಾಗದು, ದೃಶ್ಯಕ್ಕೂ ಆಗದು. ಮುಂದೆ ಆದಿತ್ಯ, ಸಿರಿಪ್ಪೊಲಿಯಂಥ ಹಾಸ್ಯದ ಟಿ.ವಿ. ವಾಹಿನಿಗಳು ಇಂಥ ತುಣುಕುಗಳನ್ನೇ ದಿನವಿಡೀ ಹಾಕುವುದು ಅದಕ್ಕೇ ಸುಲಭವಾಯಿತು. ಟೆನಿಸ್ ಕೃಷ್ಣ, ರೇಖಾ ದಾಸ್ ಕಾಲದ ನಮ್ಮ ಟ್ರ್ಯಾಕ್‌ಗಳೂ ಇದೇ ಅಚ್ಚಿನವು.

ಗೌಂಡಮಣಿಯ ಬೈಗುಳ ನನಗೆ ಪೂರ್ತಿ ಸಹ್ಯವಲ್ಲ. ಕಪ್ಪು ಬಣ್ಣವನ್ನು ಹೀಯಾಳಿಸುವಲ್ಲಿ ನಗುವುದು ಕಷ್ಟ. ಆದರೆ ಅದೇ ನಾಲಿಗೆ ನಾಯಕನನ್ನೂ, ಸಿನಿಮಾದ ಸುಳ್ಳು ಶೌರ್ಯವನ್ನೂ ಬಿಡುವುದಿಲ್ಲ. ದೊಡ್ಡ ನಟರು ಅವರ ಪಕ್ಕ ನಿಂತು ಅನ್ನಿಸಿಕೊಂಡರು. ಬಹಳ ತಡವಾಗಿ, ‘49-ಓ’ (2015) ಚಿತ್ರದಲ್ಲಿ, ಜಮೀನು ಕಸಿಯಲು ಬಂದವರೆದುರು ನಿಲ್ಲುವ ರೈತನ ಪಾತ್ರ ಮಾಡಿದರು. ಪಾತ್ರ ಗಂಭೀರ, ಉದ್ದೇಶ ಒಳ್ಳೆಯದು. ಆದರೆ ಅದರಲ್ಲಿ ಭಾಷಣ ಹೆಚ್ಚಾಯಿತು. ಮೂವತ್ತು ವರ್ಷ ಜರೆದ ಆ ನಾಲಿಗೆಗೆ ಮುಪ್ಪಿನಲ್ಲಿ ಏನಾಗುತ್ತದೆ ಎಂದು ಕೇಳಿ ಬರೆಯುವ ಬಾಲಚಂದರ್ ಒಬ್ಬ ಅವರಿಗೆ ಸಿಗಲಿಲ್ಲ.

ಒರಟು ನಾಲಿಗೆಯನ್ನು ಕಥೆಯೊಳಗೇ ಇಟ್ಟರೆ ಏನಾಗುತ್ತದೆ ಎಂಬುದನ್ನು ತೋರಿಸಿದವರೂ ಇದೇ ನೆಲದವರು: ಸೂಲೂರಿನ ನಿರ್ದೇಶಕ ಮಣಿವಣ್ಣನ್, ಕೊಯಮತ್ತೂರಿನ ಸತ್ಯರಾಜ್. ಅವರ ‘ಅಮೈದಿಪ್ಪಡೈ’ (1994) ಚಿತ್ರದಲ್ಲಿ ಗುಡಿಯ ಬಳಿ ತೆಂಗಿನಕಾಯಿ ಚೂರು ಆಯುವ ಅಮಾವಾಸೈ ಎಂಬವನು ಶಾಸಕನಾಗುತ್ತಾನೆ. ಮಾತೆಲ್ಲ ಕುಹಕ, ಪೋಲಿ. ನಾವು ನಗುತ್ತಲೇ ಇರುತ್ತೇವೆ, ಅವನು ಹೆಣ್ಣೊಬ್ಬಳ ಬಾಳು ಹಾಳು ಮಾಡುತ್ತಾನೆ, ಊರಿಗೆ ಬೆಂಕಿ ಇಡುತ್ತಾನೆ.

ಅದೇ 1994ರಲ್ಲಿ ನಾಗೇಶ್ ಎರಡು ಚಿತ್ರಗಳಲ್ಲಿ ಬಂದರು. ಮೊದಲನೆಯದು, ರಾಜ್‌ಕುಮಾರ್ ಅವರ ‘ಹಾಲು ಜೇನು’ ನಿರ್ದೇಶಿಸಿದ್ದ ಸಿಂಗೀತಂ ಶ್ರೀನಿವಾಸರಾವ್ ಅವರ ‘ಮಗಳಿರ್ ಮಟ್ಟುಂ’. ಅಲ್ಲಿ ನಾಗೇಶ್ ಹೆಣ. ಮೂವರು ಹೆಂಗಸರು ತಮ್ಮ ಮೇಲಧಿಕಾರಿಯ ಹೆಣವೆಂದು ತಪ್ಪು ತಿಳಿದು ಆಸ್ಪತ್ರೆಯಿಂದ ಹೊತ್ತು ತರುತ್ತಾರೆ. ಮಾತಿಲ್ಲ, ಕಣ್ಣು ಮಿಟುಕಿಸುವಂತಿಲ್ಲ, ಬರೀ ಜೋಲುವ ಕೈಕಾಲು. ಹೆಣವನ್ನು ಎಳೆದಾಡಿ ನಗಿಸುವುದಕ್ಕಿಂತ ಒರಟಾದ ಹಾಸ್ಯ ಇನ್ನೇನಿದೆ? ಎರಡನೆಯದು ಕೆ.ಎಸ್. ಸೇತುಮಾಧವನ್ ಅವರ ‘ನಮ್ಮವರ್’. ಅಲ್ಲಿ ನಾಗೇಶ್ ಪ್ರಭಾಕರ ರಾವ್ ಎಂಬ ಅಧ್ಯಾಪಕ. ಮಗಳು ಆತ್ಮಹತ್ಯೆ ಮಾಡಿಕೊಂಡಿದ್ದಾಳೆ. ಆ ತಂದೆ ಮೊದಲಿನಂತೆಯೇ ಮಾತಾಡುತ್ತಾನೆ, ಹಳೆಯದನ್ನು ನೆನೆದು ನಗಲೂ ನೋಡುತ್ತಾನೆ, ಮಾತಿನ ನಡುವೆ ಎಲ್ಲೋ ಒಡೆಯುತ್ತಾನೆ. ಇದಕ್ಕೆ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ಬಂತು. ಹೆಣವಾಗಿ ಮಲಗಿದ್ದಕ್ಕೆ ಬರಲಿಲ್ಲ. ನನ್ನನ್ನು ಕೇಳಿದ್ದರೆ ಎರಡಕ್ಕೂ ಸೇರಿಸಿ ಕೊಡಿ ಎನ್ನುತ್ತಿದ್ದೆ. ನಾಗೇಶ್ 2009ರ ಜನವರಿ 31ರಂದು ತೀರಿಕೊಂಡರು. ಆಗ ಧಾರಾಪುರಂ ಈರೋಡ್ ಜಿಲ್ಲೆಯಲ್ಲಿತ್ತು. ಮರುತಿಂಗಳು ತಿರುಪ್ಪೂರು ಜಿಲ್ಲೆ ಹುಟ್ಟಿ, ಆ ಊರು ಅದರೊಳಗೆ ಸೇರಿತು.

ಕೋವೈ ಸರಳಾ ಅವರ ಕಥೆ ಇನ್ನೂ ಮುಗಿದಿಲ್ಲ. ಹೆಣ್ಣು ನಗೆಗಾರ್ತಿಗೆ ಟ್ರ್ಯಾಕಿನಲ್ಲಿ ಸಿಗುತ್ತಿದ್ದುದು ಗಯ್ಯಾಳಿಯ ಪಾತ್ರ, ಕೀರಲು ದನಿ, ಗಂಡನಿಂದ ಒದೆ. ನಗೆಗಾರ ವಡಿವೇಲು ಜೊತೆಗಿನ ದೃಶ್ಯಗಳಲ್ಲಿ ಅವರು ಇದನ್ನು ತಿರುಗಿಸಿ ತಾವೇ ಬಾರಿಸಿದರು. ಬಾಲು ಮಹೇಂದ್ರ ಅವರ ‘ಸತಿ ಲೀಲಾವತಿ’ಯಲ್ಲಿ (1995) ಕಮಲಹಾಸನ್‌ಗೆ ಹೆಂಡತಿಯಾಗಿ, ಅಪ್ಪಟ ಕೊಂಗು ತಮಿಳಿನಲ್ಲಿ ಗಂಡನನ್ನು ಕಾಯುವ ಪಳನಿ ಆದರು. ಈ ಚಿತ್ರವೇ ನಮ್ಮ ರಮೇಶ್ ಅರವಿಂದ್ ನಿರ್ದೇಶನದ ‘ರಾಮ ಶಾಮ ಭಾಮ’ (2005). ಅಲ್ಲಿ ಕೊಂಗು ಮಾತಿನ ಜಾಗಕ್ಕೆ ಹುಬ್ಬಳ್ಳಿ ಕಡೆಯ ಕನ್ನಡ ಬಂತು, ಕಮಲ್ ಮತ್ತೆ ಅದೇ ಗಂಡ.

ಸರಳಾ ಅವರನ್ನು ಟ್ರ್ಯಾಕಿನಿಂದ ಪೂರಾ ಹೊರಗೆ ತಂದದ್ದು ಪ್ರಭು ಸಾಲೊಮನ್ ಅವರ ‘ಸೆಂಬಿ’. 2022ರ ಡಿಸೆಂಬರ್‌ನಲ್ಲಿ ಬಂತು. ಕೊಡೈಕಾನಲ್ ಬೆಟ್ಟದ ಮುದುಕಿ, ಅತ್ಯಾಚಾರಕ್ಕೆ ಒಳಗಾದ ಮೊಮ್ಮಗಳನ್ನು ಕಟ್ಟಿಕೊಂಡು ನ್ಯಾಯ ಹುಡುಕುವವಳು. ಸಭೆ ನಗಲೆಂದು ದಶಕಗಳ ಕಾಲ ಮೇಲಕ್ಕೇರಿಸಿದ ಅದೇ ದನಿ ಇಲ್ಲಿ ಕಿರುಚುತ್ತದೆ, ಯಾರೂ ನಗುವುದಿಲ್ಲ. ಆಮೇಲಿನ ವರ್ಷ ತಮಿಳು ನಗೆಗಾರ ಸೂರಿ ‘ವಿಡುದಲೈ’ಯಲ್ಲಿ, ವಡಿವೇಲು ‘ಮಾಮನ್ನನ್’ನಲ್ಲಿ ಹೀಗೇ ದಾಟಿದರು. ವಡಿವೇಲು ಅವರಿಗಂತೂ ಅಲ್ಲಿ ಕೂರಲು ಕುರ್ಚಿ ಸಿಗದ ಶಾಸಕನ ಪಾತ್ರ. ಅವರು ಬೆನ್ನು ಬಾಗಿಸಿ ನಿಂತಾಗ, ಇಷ್ಟು ವರ್ಷ ಒದೆ ತಿಂದು ನಗಿಸಿದ ಬೆನ್ನು ಅದು ಎಂದು ನೋಡುವವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

‘ಸೆಂಬಿ’ಗೆ ಮೆಚ್ಚುಗೆ ಬಂತು. 2024ರ ಮೇ ತಿಂಗಳಲ್ಲಿ ‘ಅರಣ್ಮನೈ 4’ ತೆರೆಕಂಡಿತು. ಯೋಗಿ ಬಾಬು, ವಿ.ಟಿ.ವಿ. ಗಣೇಶ್ ಜೊತೆ ಭೂತಬಂಗಲೆಯಲ್ಲಿ ಕೂಗಾಡುವ ಗುಂಪಿನಲ್ಲಿ ಸರಳಾ ಇದ್ದರು, ಅದೇ ಹಳೆಯ ದನಿಯಲ್ಲಿ. ಚಿತ್ರ ಚೆನ್ನಾಗಿ ಓಡಿತು.